ಅನ್ನಿಸಿದ್ದು, ಅಂದುಕೊಂಡದ್ದು: ‘ಗ್ರಹಿಕೆ’ಗೆ ಮನೆಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಮೂರು ದಿನದಿಂದ ನಮ್ಮ ಮನೆಯಲ್ಲಿ ಒಂದು ಪದದ ಜಗಳ ನಡೆಯುತ್ತಿದೆ. ಊಟಕ್ಕೆ ಕೂತರೂ ಅದೇ, ಕಾಫಿಗೆ ಕೂತರೂ ಅದೇ. ನಮ್ಮೊಳಗೆ ಬಗೆಹರಿಯಲಿಲ್ಲ. ಹಾಗಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಅತ್ತಿಗೆ ಮನೆಗೆ ಹೊಂದಿಕೊಂಡ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದಾರೆ. ಅವರ ಮಗಳು ಎಂಬಿಎ ಓದುತ್ತಿದ್ದಾಳೆ. ಅವಳ ಪ್ರಾಜೆಕ್ಟು ಇಲ್ಲಿನ ಹೋಂಸ್ಟೇಗಳ ಬಗ್ಗೆಯೇ. ಬಂದ ಅತಿಥಿಗಳಿಗೆ ಒಂದು ಪ್ರಶ್ನೆಪಟ್ಟಿ ಕೊಟ್ಟು ತುಂಬಿಸಿಕೊಳ್ಳಬೇಕು. ಇಂಗ್ಲಿಷಿನದ್ದು ಸಿದ್ಧ ಇದೆ. ಮಂಡ್ಯ, ಹಾಸನ, ಮೈಸೂರಿನಿಂದ ಮನೆಮಂದಿಯೆಲ್ಲ ಬರುತ್ತಾರಲ್ಲ, ಅವರಿಗೆ ಕನ್ನಡದ್ದು ಬೇಕು. ‘ಅತ್ತೆ, ಬರೆದಿದ್ದೇನೆ, ನೀವೊಮ್ಮೆ ತಿದ್ದಿ ಕೊಡಿ’ ಅಂದಳು.

ಆ ಪ್ರಶ್ನೆಪಟ್ಟಿಗೆ ಸರ್ವ್‌ಕ್ವಾಲ್ ಅಂತ ಹೆಸರು. ಪರಶುರಾಮನ್, ಝೈತಾಮ್ಲ್, ಬೆರಿ ಎಂಬ ಮೂವರು ಅಮೆರಿಕದಲ್ಲಿ 1988ರಲ್ಲಿ ಮಾಡಿಕೊಟ್ಟದ್ದು. ಅದರಲ್ಲಿ 22 ಹೇಳಿಕೆಗಳಿವೆ. ಪ್ರತಿಯೊಂದನ್ನೂ ಎರಡು ಸಲ ಕೇಳಬೇಕು. ಬರುವ ಮೊದಲು ಮನಸ್ಸಿನಲ್ಲಿ ಏನಿತ್ತು ಅನ್ನುವುದು ಒಂದು, ಬಂದ ಮೇಲೆ ಏನು ಕಂಡಿತು ಅನ್ನುವುದು ಇನ್ನೊಂದು. ಎರಡಕ್ಕೂ ಒಂದರಿಂದ ಏಳರವರೆಗೆ ಅಂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಸೇವೆ ಎಂಥದ್ದು ಅಂತ ಗೊತ್ತಾಗುತ್ತದಂತೆ. ಲೆಕ್ಕ ಮೈನಸ್ಸಿಗೆ ಹೋದರೆ ಅತಿಥಿ ಸಪ್ಪೆ ಮುಖ ಮಾಡಿಕೊಂಡು ಹೋದ ಅಂತ ಅರ್ಥ.

ಹುಡುಗಿ ಮೊದಲನೇ ಕಾಲಮ್ಮಿಗೆ ‘ನಿಮ್ಮ ನಿರೀಕ್ಷೆ’ ಅಂತ ಹಾಕಿದ್ದಳು. ಎರಡನೆಯದಕ್ಕೆ ‘ನಿಮ್ಮ ಗ್ರಹಿಕೆ’. ಅತ್ತಿಗೆ ಓದಿ ನೋಡಿ ಕೇಳಿದರು: ‘ಇದೇನು, ಬಂದವರ ಗ್ರಹಚಾರ ಕೇಳುವುದಾ?’

ನಾವೆಲ್ಲ ನಕ್ಕೆವು. ಆದರೆ ಅತ್ತಿಗೆಯ ಕಿವಿ ತಪ್ಪು ಕೇಳಿರಲಿಲ್ಲ. ಗ್ರಹ, ಗ್ರಹಣ, ಗ್ರಹಿಕೆ, ಗ್ರಾಹಕ ಎಲ್ಲ ಒಂದೇ ಬೇರಿನವು. ಸಂಸ್ಕೃತದಲ್ಲಿ ಗ್ರಹ್ ಅಂದರೆ ಹಿಡಿ. ಚಂದ್ರನನ್ನು ಹಿಡಿದರೆ ಗ್ರಹಣ. ನಮ್ಮನ್ನು ಹಿಡಿದರೆ ಗ್ರಹಚಾರ. ದುಡ್ಡು ಕೊಟ್ಟು ಹಿಡಿದುಕೊಂಡು ಹೋಗುವವನು ಗ್ರಾಹಕ. ಕಣ್ಣು, ಕಿವಿ, ಮನಸ್ಸು ಹಿಡಿದದ್ದು ಗ್ರಹಿಕೆ. ವಾಣಿಜ್ಯದ ಪುಸ್ತಕಗಳಲ್ಲಿ ‘ಗ್ರಾಹಕರ ಗ್ರಹಿಕೆ’ ಅಂತ ಬರುತ್ತದಲ್ಲ, ಹಿಡಿದವನು ಹಿಡಿದದ್ದು ಅಂದ ಹಾಗಾಯಿತು.

ನಿರೀಕ್ಷೆಯ ಬೇರು ಈಕ್ಷ್, ನೋಡು ಅಂತ. ಪರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಉಪೇಕ್ಷೆ, ಪ್ರೇಕ್ಷಕ ಎಲ್ಲವೂ ಅದೇ ಕಣ್ಣಿನ ಮಕ್ಕಳು. ನಿರೀಕ್ಷಣ ಅಂದರೆ ಮೂಲದಲ್ಲಿ ದಿಟ್ಟಿಸಿ ನೋಡುವುದು. ಆ ಹಳೆ ಅರ್ಥ ನಮ್ಮ ಕಚೇರಿಗಳಲ್ಲಿ ಇನ್ನೂ ಉಳಿದಿದೆ: ಕಂದಾಯ ನಿರೀಕ್ಷಕರು, ಪೊಲೀಸ್ ನಿರೀಕ್ಷಕರು. ಕೋರ್ಟಿಗೆ ಹೋದರೆ ಅರ್ಥ ಮಗುಚಿಕೊಳ್ಳುತ್ತದೆ. ಅಲ್ಲಿ ನಿರೀಕ್ಷಣಾ ಜಾಮೀನು ಅಂದರೆ ‘ನನ್ನನ್ನು ಹಿಡಿಯಬಹುದು’ ಅಂತ ಮೊದಲೇ ತೆಗೆದುಕೊಳ್ಳುವ ಜಾಮೀನು. ಒಮ್ಮೆ ನನ್ನ ಒಬ್ಬ ವಿದ್ಯಾರ್ಥಿ ಕಂದಾಯ ನಿರೀಕ್ಷಕ ಎಂಬುದಕ್ಕೆ ‘ಕಂದಾಯ ಬರುತ್ತದೆ ಅಂತ ಕಾದು ಕೂತವನು’ ಎಂದು ಅರ್ಥ ಬರೆದಿದ್ದ. ಅರ್ಧ ಅಂಕ ಕೊಟ್ಟಿದ್ದೆ.

ಇನ್ನೊಂದು ಸೋಜಿಗ. ಇಂಗ್ಲಿಷಿನ ಪರ್ಸೆಪ್ಷನ್ ಹಿಂದೆ ಲ್ಯಾಟಿನ್ನಿನ ಕಾಪೆರೆ ಇದೆ. ಅದರ ಅರ್ಥವೂ ಹಿಡಿ. ಎಕ್ಸ್‌ಪೆಕ್ಟೇಶನ್ ಹಿಂದೆ ಇರುವುದು ಸ್ಪೆಕ್ತಾರೆ. ಅದರ ಅರ್ಥವೂ ನೋಡು. ದೂರದ ನೆಂಟರಾದ ಎರಡು ಭಾಷೆಗಳೂ ಒಂದನ್ನು ಕೈಗೆ ಕೊಟ್ಟಿವೆ, ಇನ್ನೊಂದನ್ನು ಕಣ್ಣಿಗೆ ಕೊಟ್ಟಿವೆ. ನಾವು ಗ್ರಹಿಕೆ, ನಿರೀಕ್ಷೆ ಅಂತ ಬರೆದಾಗ ಆ ಜೋಡಿಯನ್ನೇ ಹಾಗೇ ಎತ್ತಿಕೊಂಡಿದ್ದೇವೆ. ತಪ್ಪೇನಲ್ಲ. ಆದರೆ ಮಂಡ್ಯದಿಂದ ಬಂದ ಅಜ್ಜಿ ಎರಡನೇ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ಸುಮ್ನೆ ಕೂತುಬಿಡುತ್ತಾರೆ.

ಬೇರೆ ಪದಗಳನ್ನೂ ಹಾಕಿ ನೋಡಿದೆವು. ಅಭಿಪ್ರಾಯ ಆಗುವುದಿಲ್ಲ, ಅದು ಎಲ್ಲ ಮುಗಿದ ಮೇಲೆ ಕೊಡುವ ತೀರ್ಪು. ಅನುಭವ ತೀರಾ ದೊಡ್ಡದು. ಬಿಸಿನೀರು ಬಂದದ್ದು ಅನುಭವ. ಅದು ಸಾಕಷ್ಟು ಬಿಸಿ ಇತ್ತಾ ಅನ್ನುವುದು ನಮಗೆ ಬೇಕಾದದ್ದು. ಭಾವನೆ ಅಂದರೆ ಜನ ಕಣ್ಣೀರು ತರುತ್ತಾರೆ. ತೋರಿಕೆ ಒಳ್ಳೆಯ ಪದವಾಗಿತ್ತು, ಈಗ ಹೊರಗಿನ ವೇಷ ಅಂತ ಕೆಟ್ಟು ಹೋಗಿದೆ. ಕಾಣ್ಕೆ ಅಂತ ವಿಮರ್ಶಕರು ಬರೆಯುತ್ತಾರೆ. ಟೈಪು ಮಾಡುವಾಗ ಒಂದು ಗುಣಿತ ಜಾಸ್ತಿಯಾದರೆ ದೇವಸ್ಥಾನದ ಕಾಣಿಕೆ ಡಬ್ಬಿ ಆಗುತ್ತದೆ. ಅನಿಸಿಕೆ ಹತ್ತಿರ ಬರುತ್ತದೆ. ಆದರೆ ಅತ್ತಿಗೆಯ ರಿಜಿಸ್ಟರಿನಲ್ಲಿ ‘ನಿಮ್ಮ ಅನಿಸಿಕೆ’ ಅನ್ನುವ ಪುಟ ಮೊದಲೇ ಇದೆ. ಅದರಲ್ಲಿ ಜನ ‘ಊಟ ಸೂಪರ್, ಆಂಟಿ ಸೂಪರ್’ ಅಂತ ಬರೆದು ಹೋಗುತ್ತಾರೆ. ಅದೀಗ ಮೆಚ್ಚುಗೆಯ ಪುಟ.

ಆ ರಿಜಿಸ್ಟರಿನಲ್ಲೇ ಈ ಎರಡನ್ನೂ ಬೇರೆ ಮಾಡಿ ಕೇಳಬೇಕು ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ಹೋದ ಜುಲೈನ ಒಂದು ಭಾನುವಾರ. ಎರಡು ಕೋಣೆಯಲ್ಲಿ ಎರಡು ಸಂಸಾರ. ಎರಡೂ ಒಟ್ಟಿಗೇ ಮಡಿಕೇರಿಯ ರಾಜಾಸೀಟಿಗೆ ಹೋಗಿ ಬಂದಿವೆ. ಒಬ್ಬರು ಬರೆದಿದ್ದಾರೆ: ‘ರಾಜಾಸೀಟಿನಲ್ಲಿ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ.’ ಇನ್ನೊಬ್ಬರು ಬರೆದಿದ್ದಾರೆ: ‘ರಾಜಾಸೀಟಿನಲ್ಲಿ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ!!’ ಅದರ ಪಕ್ಕದಲ್ಲಿ ಒಂದು ಹೃದಯ. ಮೊದಲನೆಯವರು ಕಣಿವೆ ನೋಡಲು, ಸೂರ್ಯ ಮುಳುಗುವುದನ್ನು ನೋಡಲು ಬಂದವರು. ಎರಡನೆಯವರು ಬಳ್ಳಾರಿಯ ಬಿಸಿಲಿನಿಂದ ಮಂಜು ನೋಡಲಿಕ್ಕೇ ಬಂದವರು. ಕಣ್ಣಿಗೆ ಬಿದ್ದದ್ದು ಒಂದೇ. ಮನೆಯಿಂದ ಹೊತ್ತು ತಂದದ್ದು ಬೇರೆ.

ಊಟದ ಮೇಜಿನಲ್ಲೂ ಇದೇ ಕಥೆ. ಪಂದಿಕರಿಗೆ, ಅಂದರೆ ನಮ್ಮ ಹಂದಿ ಮಾಂಸದ ಸಾರಿಗೆ, ಹುರಿದ ಮಸಾಲೆ, ಕಾಚಂಪುಳಿ ಎಂಬ ಕಪ್ಪು ಹುಳಿ ಬೀಳುತ್ತದೆ. ಹಾಗಾಗಿ ಅದು ಕಪ್ಪಗಿರುತ್ತದೆ. ಮಾಂಸದ ಸಾರು ಕೆಂಪಗಿರಬೇಕು ಅಂದುಕೊಂಡು ಬಂದವರು ಮೊದಲ ತುತ್ತಿಗೇ ‘ಸ್ವಲ್ಪ ತಳ ಹಿಡಿದಿದೆ ಅಲ್ವಾ?’ ಅಂತ ಕೇಳುತ್ತಾರೆ. ಬಾಯಿಗೆ ಹೋಗುವ ಮೊದಲೇ ಕಣ್ಣು ರುಚಿ ಹೇಳಿ ಆಗಿರುತ್ತದೆ. ಅತ್ತಿಗೆ ಈಗ ಬಡಿಸುವ ಮೊದಲೇ ಹೇಳಿಬಿಡುತ್ತಾರೆ, ‘ಬಣ್ಣ ಹೀಗೇ’ ಅಂತ. ಆಮೇಲೆ ಯಾರಿಗೂ ತಳ ಹಿಡಿದ ವಾಸನೆ ಬರುವುದಿಲ್ಲ. ನನಗೊಂದು ಅನುಮಾನ, ಬರುವವರೆಲ್ಲ ಬುಕ್ ಮಾಡುವುದು ಕೂರ್ಗ್, ಬಂದು ಇಳಿಯುವುದು ಕೊಡಗಿನಲ್ಲಿ.

(‘ಅನುಮಾನ’ ಅಂತ ಬರೆದೆನಲ್ಲ, ಇದನ್ನೂ ನೋಡಿ. ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ ಅಂದರೆ ನೇರ ಕಂಡದ್ದು, ಅನುಮಾನ ಅಂದರೆ ಹೊಗೆ ಕಂಡು ಬೆಂಕಿ ಇದೆ ಅಂತ ಸರಿಯಾಗಿ ತಿಳಿಯುವುದು. ಗಟ್ಟಿ ಜ್ಞಾನ ಅದು. ಕನ್ನಡಕ್ಕೆ ಬಂದು ಅದು ಬರೇ ಸಂಶಯ ಆಯಿತು. ಇದರ ಚರ್ಚೆ ಇನ್ನೊಮ್ಮೆ.)

ಪದ ಸಿಗದೆ ಒದ್ದಾಡುತ್ತಿದ್ದಾಗ ದಾರಿ ತೋರಿಸಿದವರು ನಮ್ಮ ಅಪ್ಪ. ಅವರಿಗೆ ಈ ಚರ್ಚೆಯೇ ಬೇಡ. ಅವರಿಗೆ ಬೇಕಾದದ್ದು ಹೂಮಳೆ. ಕಾಫಿ ತೋಟದವರಿಗೆ ಗೊತ್ತು, ಮಾರ್ಚಿನ ಹೊತ್ತಿಗೆ ರೊಬಸ್ಟಾ ಗಿಡದಲ್ಲಿ ಮೊಗ್ಗು ಕಾದು ಕೂತಿರುತ್ತದೆ. ಒಂದಿಂಚು ಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ. ಕಡಿಮೆ ಬಿದ್ದರೆ ಅರ್ಧಂಬರ್ಧ. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದಿಂಚು. ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇದೆ. ಮೊನ್ನೆ ರಾತ್ರಿ ಮಳೆ ಬಂತು. ಬೆಳಿಗ್ಗೆ ಅಪ್ಪ ಡಬ್ಬಿ ನೋಡಿ ಒಳಗೆ ಬಂದು ಹೇಳಿದರು:

‘ರಾತ್ರಿ ಜೋರು ಬಂತು ಅನ್ನಿಸಿತು. ಒಂದಿಂಚು ಆಗಿರುತ್ತದೆ ಅಂದುಕೊಂಡೆ. ನೋಡಿದರೆ 18 ಸೆಂಟು.’

ನಾನು ಕಾಫಿ ಲೋಟ ಕೆಳಗಿಟ್ಟೆ. ನಾವು ಹುಡುಕುತ್ತಿದ್ದದ್ದು ಆ ಮೂರು ಸಣ್ಣ ಮಾತಿನಲ್ಲಿ ಪೂರ್ತಿ ಇತ್ತು. ಶೀಟಿನ ಮೇಲೆ ಬಿದ್ದ ಸದ್ದು ಅಪ್ಪನಿಗೆ ‘ಅನ್ನಿಸಿತು’. ಅದರ ಮೇಲೆ ಕಟ್ಟಿದ ಲೆಕ್ಕವನ್ನು ಅಪ್ಪ ‘ಅಂದುಕೊಂಡರು’. ಡಬ್ಬಿಯಲ್ಲಿದ್ದದ್ದನ್ನು ‘ನೋಡಿದರು’.

ಅನ್ನಿಸು, ಅಂದುಕೊಳ್ಳು. ಎರಡಕ್ಕೂ ತಾಯಿ ಒಂದೇ, ‘ಅನ್ನು’. ಸಂಸ್ಕೃತಕ್ಕೆ, ಲ್ಯಾಟಿನ್ನಿಗೆ ಕೈ ಮತ್ತು ಕಣ್ಣು ಬೇಕಾದವು. ಕನ್ನಡ ಎರಡನ್ನೂ ಬಾಯಿಯಿಂದಲೇ ಮಾಡಿಕೊಂಡಿದೆ. ಅನ್ನಿಸುವುದು ಅಂದರೆ ಯಾವುದೋ ಒಂದು ನನ್ನಿಂದ ‘ಅನ್ನುವ ಹಾಗೆ’ ಮಾಡುವುದು. ಅಂದುಕೊಳ್ಳುವುದು ಅಂದರೆ ನನಗೆ ನಾನೇ ಅಂದು, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುವುದು.

ಈಗ ವಿಭಕ್ತಿ ನೋಡಿ. ‘ನನಗೆ’ ಅನ್ನಿಸಿತು. ‘ನಾನು’ ಅಂದುಕೊಂಡೆ. ಇದು ಈ ಎರಡು ಪದದ ಗುಣ ಮಾತ್ರ ಅಂತ ಮೊದಲು ಎಣಿಸಿದ್ದೆ. ಪಟ್ಟಿ ಮಾಡುತ್ತಾ ಹೋದರೆ ಸಾಲು ಸಾಲು ಬಂತು. ನಾನು ನೋಡಿದೆ, ನನಗೆ ಕಾಣಿಸಿತು. ನಾನು ಕಿವಿಗೊಟ್ಟೆ, ನನಗೆ ಕೇಳಿಸಿತು. ನಾನು ಹುಡುಕಿದೆ, ನನಗೆ ಸಿಕ್ಕಿತು. ನಾನು ಯೋಚಿಸಿದೆ, ನನಗೆ ಹೊಳೆಯಿತು. ನಾನು ಎದುರು ನೋಡಿದೆ, ನನಗೆ ಎದುರಾಯಿತು. ಕೊನೆಯ ಜೋಡಿ ಬರೆಯುವಾಗ ನನಗೇ ಖುಷಿಯಾಯಿತು. (ನೋಡಿ, ‘ನನಗೆ’.)

ಶಾಲೆಯಲ್ಲಿ ಚತುರ್ಥಿ ಅಂದರೆ ಕೊಡುವುದಕ್ಕೆ, ‘ಬಡವನಿಗೆ ಅನ್ನ ಕೊಟ್ಟನು’ ಅಂತ 30 ವರ್ಷ ಹೇಳಿಕೊಟ್ಟೆ. ಹಸಿವು, ಚಳಿ, ನೆನಪು, ನಾಚಿಕೆ ಎಲ್ಲ ‘ನನಗೆ’ ಆಗುತ್ತವೆ ಅಂತಲೂ ಹೇಳಿದ್ದೆ. ಆದರೆ ಕಂಡದ್ದು, ಕೇಳಿಸಿದ್ದು ಕೂಡ ಹಸಿವಿನ ಹಾಗೆ ನಮ್ಮ ಮನೆಬಾಗಿಲಿಗೆ ಬಂದು ಬೀಳುವಂಥದ್ದು, ನಿರೀಕ್ಷೆ ಮಾತ್ರ ನಾವು ಎದ್ದು ಹೋಗಿ ಮಾಡುವ ಕೆಲಸ ಅಂತ ಭಾಷೆ ಬೇರೆ ಮಾಡಿ ಇಟ್ಟಿದೆ ಅನ್ನುವುದು ಈಗ ಗೊತ್ತಾಯಿತು. ಇನ್ನೊಂದು ರೀತಿಯಲ್ಲೂ ಪರೀಕ್ಷೆ ಮಾಡಬಹುದು. ‘ಹಾಗೆ ಅಂದುಕೋಬೇಡ’ ಅಂತ ಹೇಳಬಹುದು. ‘ಕಾಯಿ’ ಅನ್ನಬಹುದು. ‘ಎದುರು ನೋಡಬೇಡ’ ಅನ್ನಬಹುದು. ಆದರೆ ‘ನಿನಗೆ ಚಳಿ ಅನ್ನಿಸಬೇಡ’ ಅಂತ ಯಾರಿಗೂ ಅಪ್ಪಣೆ ಕೊಡಲು ಆಗುವುದಿಲ್ಲ. ವ್ಯಾಕರಣವೇ ಬಾಗಿಲು ಹಾಕುತ್ತದೆ.

ಇದು ಬರೇ ವ್ಯಾಕರಣದ ಆಟ ಅಂತ ಅಣ್ಣ ತಳ್ಳಿಹಾಕಿದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೇಷ್ಟ್ರುಗಳೆಲ್ಲ ಕೇಳುವ ಒಂದು ಪ್ರಶ್ನೆ ಇದೆ: ಒಂದು ಕಿಲೋ ಹತ್ತಿ ಭಾರವಾ, ಒಂದು ಕಿಲೋ ಕಬ್ಬಿಣ ಭಾರವಾ? ಕಬ್ಬಿಣ ಅಂದ ಮಗುವಿಗೆ ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ 1891ರಲ್ಲಿ ಶಾರ್ಪಾಂತಿಯೆ ಎಂಬ ಫ್ರೆಂಚ್ ವೈದ್ಯರು ತೋರಿಸಿದ್ದು ಇದು: ಒಂದೇ ತೂಕದ ಎರಡು ವಸ್ತು ಎತ್ತಿದರೆ ಚಿಕ್ಕದೇ ಭಾರ ಅನ್ನಿಸುತ್ತದೆ. ದೊಡ್ಡದು ಭಾರ ಇರುತ್ತದೆ ಅಂತ ಕೈ ಮೊದಲೇ ಸಿದ್ಧವಾಗಿರುತ್ತದೆ, ಎತ್ತಿದಾಗ ಹಗುರ ಆಗುತ್ತದೆ, ಚಿಕ್ಕದಕ್ಕೆ ಇದರ ಉಲ್ಟಾ. ಬಹಳ ಕಾಲ ಹೀಗೆ ವಿವರಿಸುತ್ತಿದ್ದರು. 2000ದಲ್ಲಿ ಒಂದು ಪ್ರಯೋಗ ನಡೆಯಿತು. ಒಂದೇ ತೂಕದ ದೊಡ್ಡ ಮತ್ತು ಚಿಕ್ಕ ಪೆಟ್ಟಿಗೆಗಳನ್ನು ಮತ್ತೆ ಮತ್ತೆ ಎತ್ತಿಸಿದರು. ಬೆರಳು ಎಷ್ಟು ಬಲ ಹಾಕುತ್ತದೆ ಅಂತ ಅಳೆದರು. ಮೊದಮೊದಲು ಬೆರಳುಗಳು ದೊಡ್ಡದಕ್ಕೆ ಜಾಸ್ತಿ ಬಲ ಹಾಕಿದವು. ಕೆಲವು ಸಲ ಎತ್ತಿದ ಮೇಲೆ ಬೆರಳಿಗೆ ಪಾಠವಾಯಿತು, ಎರಡಕ್ಕೂ ಸರಿಸಮ ಬಲ. ಆದರೂ ಎತ್ತಿದವರಿಗೆ ಚಿಕ್ಕದೇ ಭಾರ ಅನ್ನಿಸುತ್ತಲೇ ಇತ್ತು.

ಅಂದರೆ, ಬೆರಳು ಅಂದುಕೊಂಡದ್ದನ್ನು ತಿದ್ದಿಕೊಂಡಿತು. ಅನ್ನಿಸುವುದು ತಿದ್ದಿಸಿಕೊಳ್ಳಲಿಲ್ಲ. ‘ಅಂದುಕೋಬೇಡ’ ಅನ್ನಬಹುದು, ‘ಅನ್ನಿಸಬೇಡ’ ಅನ್ನಲಾಗದು ಅಂತ ಮೇಲೆ ಬರೆದೆನಲ್ಲ, ಬೆರಳೂ ಅದನ್ನೇ ಹೇಳಿದೆ. ಅಣ್ಣ ಸುಮ್ಮನಾದ. ಒಪ್ಪಿದನೋ ಬೇಜಾರಾಯಿತೋ ಗೊತ್ತಿಲ್ಲ.

ಹಾಗಂತ ಎರಡರ ನಡುವೆ ಗೋಡೆ ಇದೆ ಅಂತ ನಾನು ಹೇಳುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ‘ತೋಟದ ಮೇಲ್ಗಡೆ ಆನೆ ಇದೆ, ಹುಷಾರು’ ಅಂತ ಬಂದ ಸಂಜೆ ನೋಡಬೇಕು. ಆವತ್ತು ದಾರಿಯ ಪ್ರತಿ ಬಂಡೆಗೂ ಸೊಂಡಿಲು ಇರುತ್ತದೆ. ಬೈನೆ ಮರದ ಸೋಗೆ ಅಲ್ಲಾಡಿದರೆ ಆನೆಯ ಕಿವಿ. ಹುಡುಗಿ ಒಮ್ಮೆ ಸ್ಕೂಟರ್ ಬಿಟ್ಟು ಓಡಿ ಬಂದಿದ್ದಳು. ಬೆಳಿಗ್ಗೆ ಹೋಗಿ ನೋಡಿದರೆ ನೀಲಿ ಟಾರ್ಪಲ್ ಹೊದಿಸಿದ ಗೊಬ್ಬರದ ರಾಶಿ. ಆದರೆ ಅವಳನ್ನು ಕೇಳಿ, ‘ಆನೆ ಅಂದುಕೊಂಡೆ’ ಅಂತ ಈಗ ಹೇಳುತ್ತಾಳೆ. ಆವತ್ತು ರಾತ್ರಿ ಹೇಳಿದ್ದು ‘ಆನೆ ಕಂಡೆ’. ಕಂಡದ್ದು ಸುಳ್ಳಾದ ಕೂಡಲೇ ಅದನ್ನು ಅಂದುಕೊಂಡದ್ದರ ಲೆಕ್ಕಕ್ಕೆ ವರ್ಗ ಮಾಡುತ್ತೇವೆ.

ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ನಿಂತವರಿಗೂ ಈ ವ್ಯತ್ಯಾಸ ಗೊತ್ತು. ತೀರ್ಥ ಉದ್ಭವ ಆಗುವ ಗಳಿಗೆ ಮೊದಲೇ ಗೊತ್ತಿರುತ್ತದೆ. ಚಳಿಯಲ್ಲಿ ಕಾಯುತ್ತೇವೆ. ಕುಂಡಿಕೆಯ, ಅಂದರೆ ತೀರ್ಥ ಉಕ್ಕುವ ಪುಟ್ಟ ಕೊಳದ, ಹತ್ತಿರ ಇದ್ದವರಿಗೆ ಕಾಣುತ್ತದೆ. ಹಿಂದಿನ ಸಾಲಿನ ನಮಗೆ ಮುಂದಿನವರ ತಲೆ ಕಾಣುತ್ತದೆ. ಮನೆಗೆ ಬಂದು ‘ತೀರ್ಥೋದ್ಭವ ನೋಡಿಕೊಂಡು ಬಂದೆವು’ ಅನ್ನುತ್ತೇವೆ. ಅದು ಸುಳ್ಳಲ್ಲ. ‘ಕಂಡಿತು’ ಅಂದರೆ ಮಾತ್ರ ಸುಳ್ಳು. ನೋಡುವುದು ನಮ್ಮ ಪಾಲಿನ ಕೆಲಸ, ಅದನ್ನು ಮಾಡಿದ್ದೇವೆ. ಕಾಯು, ಕಾಣು ಇವೆರಡರ ನಡುವೆ ಒಂದೇ ಅಕ್ಷರ ಬೇರೆ ಅಂತ ನನಗೆ ಹೊಳೆದದ್ದೂ ಅಲ್ಲೇ, ಮಳೆಗೆ ಕೊಡೆ ಹಿಡಿದು ನಿಂತಾಗ.

ಸರಿ, ಪ್ರಶ್ನೆಪಟ್ಟಿಗೆ ಬರೋಣ. ಗ್ರಹಿಕೆ, ನಿರೀಕ್ಷೆ ಎರಡನ್ನೂ ತೆಗೆದು ಹೀಗೆ ಬರೆದೆ. ಮೊದಲನೇ ಕಾಲಮ್ಮು: ‘ಹೇಗಿರುತ್ತದೆ ಅಂದುಕೊಂಡಿದ್ದಿರಿ?’ ಎರಡನೆಯದು: ‘ಹೇಗಿದೆ ಅನ್ನಿಸಿತು?’ ಅತ್ತಿಗೆ ಓದಿ ‘ಈಗ ಸರಿಯಾಯಿತು’ ಅಂದರು. ನಾನೂ ಹಾಗೇ ಅಂದುಕೊಂಡೆ.

ಗಮನಿಸಿದಿರಾ? ‘ಹಾಗೇ ಅಂದುಕೊಂಡೆ’ ಅಂದ ಕೂಡಲೇ ನಿಮಗೆ ಗೊತ್ತಾಯಿತು, ಏನೋ ಎಡವಟ್ಟಾಗಿದೆ ಅಂತ. ತೊಡಕು ಇಲ್ಲೇ ಇರುವುದು. ‘ಬಸ್ಸು ಬರುತ್ತದೆ ಅಂದುಕೊಂಡೆ’ ಅಂದರೆ ಬಸ್ಸು ಬರಲಿಲ್ಲ ಅಂತಲೇ ಅರ್ಥ. ಬಂದಿದ್ದರೆ ಆ ಮಾತನ್ನು ಯಾರೂ ಆಡುವುದಿಲ್ಲ, ಆಡಿದರೂ ‘ಅಂದುಕೊಂಡ ಹಾಗೇ’ ಅಂತ ಒಂದು ಬಾಲ ಸೇರಿಸುತ್ತಾರೆ. ‘ಅಂದುಕೊಂಡಿದ್ದೆ’ ಅಂತ ಇನ್ನೂ ಹಿಂದಕ್ಕೆ ಹೋದರೆ ನಿಟ್ಟುಸಿರೂ ಕೇಳಿಸುತ್ತದೆ. ಹೀಗಿರುವಾಗ ‘ಹೇಗಿರುತ್ತದೆ ಅಂದುಕೊಂಡಿದ್ದಿರಿ?’ ಅಂತ ಅತಿಥಿಯನ್ನು ಕೇಳಿದರೆ, ‘ಹಾಗೆ ಇರಲಿಲ್ಲ ಅಲ್ವಾ ಪಾಪ’ ಅಂತ ನಾವೇ ಬಾಯಿಗೆ ಹಾಕಿಕೊಟ್ಟ ಹಾಗೆ. ಅಂಕ ಎಲ್ಲ ಮೈನಸ್ಸಿಗೆ ಹೋಗುತ್ತದೆ.

ಇತ್ತ ಅನ್ನಿಸು ಕೂಡ ಪೂರ್ತಿ ಸಾಧು ಅಲ್ಲ. ‘ನಾಳೆ ಮಳೆ ಬರುತ್ತದೆ ಅನ್ನಿಸುತ್ತದೆ’ ಅನ್ನುತ್ತೇವೆ. ನಾಳೆಯ ಮಳೆ ಈಗ ಕಾಣುವುದಲ್ಲ, ಅದು ನಿರೀಕ್ಷೆಯೇ. ಆದರೆ ಕಟ್ಟಿಕೊಂಡ ನಿರೀಕ್ಷೆ ಅಲ್ಲ, ಮೋಡ ನೋಡಿ ತಾನಾಗಿ ಬಂದದ್ದು. ಹಾಗಾಗಿ ‘ನನಗೆ’. ನನ್ನ ನಿಯಮ ಇಲ್ಲಿ ಮುರಿಯಿತಾ, ಗಟ್ಟಿಯಾಯಿತಾ ಅಂತ ತಿಳಿದವರು ಹೇಳಬೇಕು. ‘ನನಗೆ ನಿರೀಕ್ಷೆ ಇತ್ತು’ ಅಂತಲೂ ಬರೆಯುತ್ತಾರೆ. ಅದು ನಾಮಪದ, ನನ್ನ ಬಳಿ ಇರುವ ವಸ್ತುವಿನ ಹಾಗೆ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಎಣಿಸು ಅಂತ ಇನ್ನೊಂದಿದೆ. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ಕಡೆ ಹೋದರೆ ‘ನೀವು ಬರುವುದಿಲ್ಲ ಅಂತ ಎಣಿಸಿದೆ’ ಅನ್ನುತ್ತಾರೆ. ನಮ್ಮ ಕಡೆಯೂ ಅಲ್ಲಲ್ಲಿ ಕೇಳಿಸುತ್ತದೆ. ಲೆಕ್ಕ ಹಾಕು ಅನ್ನುವ ಪದವೇ ಊಹಿಸು ಅಂತಾಗಿದೆ. ನನಗೆ ಇದು ಇಷ್ಟ. ಅಂದುಕೊಂಡದ್ದರಲ್ಲಿರುವ ನಿಟ್ಟುಸಿರು ಇದರಲ್ಲಿ ಅಷ್ಟಿಲ್ಲ. ಆದರೆ ‘ಹೇಗಿರುತ್ತದೆ ಅಂತ ಎಣಿಸಿದ್ದಿರಿ?’ ಅಂದರೆ ಮಂಡ್ಯದವರು ನೋಟು ಎಣಿಸಲು ಕೂರುತ್ತಾರೇನೋ. ಹಳಬರ ‘ಬಗೆ’ ಇನ್ನೂ ಚೆನ್ನಾಗಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುವ ಗಾದೆಯಲ್ಲಿ ಬಿಟ್ಟರೆ ಈಗ ಯಾರು ಬಗೆಯುತ್ತಾರೆ? ಮಣ್ಣು ಬಗೆಯುವುದೇ ಜಾಸ್ತಿ.

ಇನ್ನೊಂದು ಗೋಜಲು ನಿರೀಕ್ಷೆಯ ಹೊಟ್ಟೆಯೊಳಗೇ ಇದೆ. ಮದುವೆ ಮನೆಯಲ್ಲಿ ನಿಂತು ನೋಡಿ. ಆಮಂತ್ರಣದಲ್ಲಿ ‘ನಿಮ್ಮ ಸುಖಾಗಮನ ಬಯಸುವ’ ಅಂತ ಇರುತ್ತದೆ. ಅದು ಆಸೆ. ಅಡುಗೆಯವರು ‘ಎಷ್ಟು ಜನ ಬರುವ ಅಂದಾಜು?’ ಅಂತ ಕೇಳುತ್ತಾರೆ. ಅದು ಲೆಕ್ಕ. ಸೋದರಮಾವ ಬರದಿದ್ದರೆ ‘ಅವನಿಂದ ಇದನ್ನು ನಿರೀಕ್ಷಿಸಿರಲಿಲ್ಲ’ ಅನ್ನುತ್ತಾರೆ. ಅದು ಹಕ್ಕು, ಬರಲೇಬೇಕಿತ್ತು ಅಂತ. ಆಸೆ, ಅಂದಾಜು, ಹಕ್ಕು ಮೂರಕ್ಕೂ ನಾವು ನಿರೀಕ್ಷೆ ಒಂದನ್ನೇ ಬಳಸುತ್ತೇವೆ. ಸರ್ವ್‌ಕ್ವಾಲ್ ಮಾಡಿದವರಿಗೂ ಇದು ಕಾಡಿತ್ತು. 1988ರಲ್ಲಿ ಅವರು ‘ಹೀಗಿರಬೇಕು’ ಅಂತ ಕೇಳಿದ್ದರು. ಬೇಕಾ ಅಂದರೆ ಯಾರು ಬೇಡ ಅನ್ನುತ್ತಾರೆ? ಎಲ್ಲರೂ ಏಳಕ್ಕೆ ಏಳು ಕೊಡುವ ಹಾಗಾಯಿತು. 1991ರಲ್ಲಿ ಮಾತು ಬದಲಿಸಿ, ಒಳ್ಳೆಯ ಕಂಪನಿಗಳಲ್ಲಿ ಹೀಗಿರುತ್ತದೆ ಅನ್ನುವ ಧಾಟಿಗೆ ತಂದರು. ‘ಇರಬೇಕು’ ಹೋಗಿ ‘ಇರುತ್ತದೆ’ ಬಂತು. 1992ರಲ್ಲಿ ಕ್ರೋನಿನ್ ಮತ್ತು ಟೇಲರ್ ಎಂಬ ಇಬ್ಬರು, ಈ ಮೊದಲ ಕಾಲಮ್ಮೇ ಬೇಡ, ಬಂದವರಿಗೆ ಏನನ್ನಿಸಿತು ಅಂತ ಮಾತ್ರ ಕೇಳಿ ಸಾಕು ಅಂದರು. ಅತ್ತಿಗೆಯ ಓಟು ಅವರಿಗೆ. ಆದರೆ ಹುಡುಗಿಯ ಗೈಡ್ ಎರಡೂ ಕಾಲಮ್ಮು ಬೇಕೇ ಬೇಕು ಅನ್ನುತ್ತಾರಂತೆ.

ಪತ್ರಿಕೆ, ಟಿವಿಯವರ ಮೇಲೆ ನನಗೊಂದು ತಕರಾರು ಇದೆ, ಇಲ್ಲೇ ಹೇಳಿಬಿಡುತ್ತೇನೆ. 2018ರ ಆಗಸ್ಟಿನಲ್ಲಿ ನಮ್ಮಲ್ಲಿ ಗುಡ್ಡಗಳು ಕುಸಿದವು. ಆಗ ಟಿವಿಯ ಕೆಳಗೆ ‘ಇನ್ನೂ ಎರಡು ದಿನ ಭಾರಿ ಮಳೆ ನಿರೀಕ್ಷೆ’ ಅಂತ ಓಡುತ್ತಿತ್ತು. ನಮ್ಮ ಜೊತೆ ಕೂತಿದ್ದ ಒಬ್ಬರು, ಮನೆ ಬಿಟ್ಟು ಬಂದವರು, ‘ಯಾರಪ್ಪ ನಿರೀಕ್ಷೆ ಮಾಡುತ್ತಿರುವುದು?’ ಅಂತ ಕೇಳಿದರು. ನಿರೀಕ್ಷೆಯಲ್ಲಿ ಆಸೆಯ ವಾಸನೆ ಇದ್ದೇ ಇದೆ. ಕೆಟ್ಟದ್ದಕ್ಕೆ ಅದನ್ನು ಬಳಸಬಾರದು. ‘ಮಳೆ ಬರಬಹುದು’ ಅಂದರೆ ಮುಗಿಯಿತು. ‘ನಿರೀಕ್ಷೆ’ ಅಂತ ಹೂಮಳೆಗೆ ಬರೆಯಲಿ, ನಮ್ಮ ಅಪ್ಪ ಬೇಡ ಅನ್ನುವುದಿಲ್ಲ.

ಈಗ ನನ್ನ ಪ್ರಶ್ನೆಗಳು.

ಆಸೆಯೂ ಸೇರದ, ನಿರಾಸೆಯೂ ಸೇರದ, ಬರೇ ‘ಮೊದಲು ಮನಸ್ಸಿನಲ್ಲಿದ್ದ ಚಿತ್ರ’ ಅನ್ನುವುದಕ್ಕೆ ನಿಮ್ಮ ಕಡೆ ಯಾವ ಮಾತಿದೆ? ಧಾರವಾಡ, ಕಲಬುರಗಿ, ಕುಂದಾಪುರ, ಚಾಮರಾಜನಗರ, ಎಲ್ಲಿಯದಾದರೂ ಸರಿ. ‘ಹೇಗಿರುತ್ತದೆ ಅಂತ ಮನಸ್ಸಿನಲ್ಲಿತ್ತು?’ ಅಂತ ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಇದರಲ್ಲಿ ನಿಟ್ಟುಸಿರು ಇಲ್ಲ ಅಂತ ನನ್ನ ಭಾವನೆ. ನಿಮಗೆ ಕೇಳಿಸುತ್ತದಾ?

‘ಅಂದುಕೊಂಡೆ’ ಅಂದರೆ ಆಗಲಿಲ್ಲ ಅಂತ ಅರ್ಥ ಬರುವುದು ಎಲ್ಲ ಕಡೆಯೂ ಹೀಗೇನಾ, ಅಥವಾ ನಮ್ಮ ದಕ್ಷಿಣದವರಿಗೆ ಮಾತ್ರವಾ? ಉತ್ತರ ಕರ್ನಾಟಕದ ‘ಅನ್ಕೊಂಡಿದ್ದೆ’ಯಲ್ಲೂ ಈ ಧ್ವನಿ ಇದೆಯಾ?

ಇಲ್ಲಿ ಒಂದೇ ಬಸ್ಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವರ ಮಾತು ಎಲ್ಲ ಕೇಳಿಸುತ್ತವೆ. ಈ ಮಾತುಗಳನ್ನು ಮನೆಯಲ್ಲಿ ಆಡುವವರು ಯಾರಾದರೂ ಇದ್ದರೆ, ‘ನನಗೆ ಅನ್ನಿಸಿತು’, ‘ನಾನು ಅಂದುಕೊಂಡೆ’ ಎರಡನ್ನೂ ನಿಮ್ಮ ಮಾತಿನಲ್ಲಿ ಬರೆದು ಕಳಿಸಿ. ನನಗೆ, ನಾನು ಅನ್ನುವ ಭೇದ ಅಲ್ಲೂ ಇದೆಯಾ ಅಂತ ನೋಡುವ ಆಸೆ.

ಹುಡುಗಿ ಸೋಮವಾರ ಪ್ರಿಂಟು ಹಾಕಿಸುತ್ತಾಳೆ. ಅಷ್ಟರೊಳಗೆ ಯಾರಾದರೂ ಬರೆದರೆ ಉಪಕಾರ. ಇಲ್ಲದಿದ್ದರೆ ಗ್ರಹಿಕೆಯೇ ಹೋಗುತ್ತದೆ, ಬಂದವರಿಗೆ ಗ್ರಹಚಾರ ಅಲ್ಲ ಅಂತ ಬಿಡಿಸಿ ಹೇಳುವ ಕೆಲಸ ಅತ್ತಿಗೆಗೆ.